ಗಟ್ಟಿ ಕವಚದ ಸ್ನೋಬೋರ್ಡ್ ಬೂಟುಗಳಲ್ಲಿ ತೇವ ನಿಯಂತ್ರಣ

ಗಟ್ಟಿ ಕವಚದ ಸ್ನೋಬೋರ್ಡ್ ಬೂಟುಗಳಲ್ಲಿ ತೇವ ನಿಯಂತ್ರಣ ಎಂದರೆ, ಸ್ನೋಬೋರ್ಡಿಂಗ್ ಕ್ರೀಡೆಯಲ್ಲಿ ಬಳಸುವ ಪ್ಲಾಸ್ಟಿಕ್ ಕವಚದ ಬೂಟುಗಳ ಒಳಗೆ ಹಿಮ, ಕರಗಿದ ನೀರು ಮತ್ತು ಪಾದದ ಬೆವರು ಸೇರಿ ನಿಲ್ಲದಂತೆ ಕೈಗೊಳ್ಳುವ ಕ್ರಮಗಳು. ಈ ಬೂಟುಗಳ ಕವಚವು ನೀರನ್ನು ಹೀರುವುದಿಲ್ಲ. ನೀರು ಅದರ ಮೂಲಕ ಹಾದುಹೋಗುವುದೂ ಇಲ್ಲ. ಆದರೂ ದಿನದ ಕೊನೆಯಲ್ಲಿ ಬೂಟಿನ ಒಳಭಾಗ ಒದ್ದೆಯಾಗಿರುವುದು ಸಾಮಾನ್ಯ ಅನುಭವ. ಕವಚದ ಭಾಗಗಳು ಸೇರುವ ಸಂದುಗಳಿಂದ ಹಿಮ ಒಳಬರುವುದು ಇದಕ್ಕೆ ಒಂದು ಕಾರಣ. ಒಳಗಿನ ಬೆವರು ಹೊರಹೋಗಲಾರದೆ ಅಲ್ಲಿಯೇ ಉಳಿಯುವುದು ಇನ್ನೊಂದು ಕಾರಣ. ಮೊದಲನೆಯದನ್ನು ತಡೆಯಲು ಬೂಟನ್ನು ಹೆಚ್ಚು ಹೆಚ್ಚು ಮುಚ್ಚಿದಷ್ಟೂ ಎರಡನೆಯದು ಹೆಚ್ಚುತ್ತದೆ. ಆದುದರಿಂದ ಸಂದುಗಳನ್ನು ಮುಚ್ಚುವುದರ ಜೊತೆಗೆ, ಒಳಬೂಟನ್ನು ಪ್ರತಿದಿನ ಹೊರತೆಗೆದು ಒಣಗಿಸುವುದೇ ತೇವ ನಿಯಂತ್ರಣದ ಮುಖ್ಯ ಭಾಗವಾಗಿದೆ.

ಒದ್ದೆಯಾದ ಪಾದವು ಒಣಗಿದ ಪಾದಕ್ಕಿಂತ ಬೇಗ ಶಾಖವನ್ನು ಕಳೆದುಕೊಳ್ಳುತ್ತದೆ. ಹಿಮಕಡಿತ ಮತ್ತು ಕಂದಕ ಪಾದ ಎಂಬ ಶೀತಜನ್ಯ ಗಾಯಗಳಲ್ಲಿ ತೇವವು ಪ್ರಮುಖ ಪಾತ್ರ ವಹಿಸುವುದರಿಂದ, ಇದು ಕೇವಲ ಸೌಕರ್ಯದ ಪ್ರಶ್ನೆಯಲ್ಲ.

ಬೂಟಿನ ರಚನೆ

ಸ್ನೋಬೋರ್ಡ್ ಬೂಟುಗಳಲ್ಲಿ ಮೃದು ಮತ್ತು ಗಟ್ಟಿ ಎಂಬ ಎರಡು ಬಗೆಗಳಿವೆ. ಬಹುಪಾಲು ಕ್ರೀಡಾಪಟುಗಳು ಲೇಸು ಅಥವಾ ತಿರುಗುಗುಬ್ಬಿಯಿಂದ ಬಿಗಿಯುವ ಮೃದು ಬೂಟುಗಳನ್ನು ಬಳಸುತ್ತಾರೆ. ಅತಿ ವೇಗದಲ್ಲಿ ಹಲಗೆಯ ಅಂಚಿನ ಮೇಲೆ ತಿರುವು ತೆಗೆದುಕೊಳ್ಳುವ ಆಲ್ಪೈನ್ ಸ್ನೋಬೋರ್ಡಿಂಗ್‌ನಲ್ಲಿ ಮತ್ತು ಪ್ಯಾರಲಲ್ ಜೈಂಟ್ ಸ್ಲಾಲಮ್ ಸ್ಪರ್ಧೆಗಳಲ್ಲಿ ಗಟ್ಟಿ ಬೂಟುಗಳು ಬಳಕೆಯಲ್ಲಿವೆ. ಇವು ನೋಟಕ್ಕೆ ಸ್ಕೀ ಬೂಟುಗಳನ್ನು ಹೋಲುತ್ತವೆ. ಆದರೆ ಕಣಕಾಲು ಸ್ವಲ್ಪ ಹೆಚ್ಚು ಬಾಗಲು ಅನುಕೂಲವಾಗುವಂತೆ ರಚಿತವಾಗಿವೆ.

ಗಟ್ಟಿ ಬೂಟಿನ ಮುಖ್ಯ ಭಾಗಗಳು ಹೀಗಿವೆ:

ಕೆಳಕವಚ: ಪಾದವನ್ನು ಆವರಿಸುವ ಪ್ಲಾಸ್ಟಿಕ್ ಭಾಗ. ಇದನ್ನು ಸಾಮಾನ್ಯವಾಗಿ ಪಾಲಿಯುರೆಥೇನ್ ಅಥವಾ ಅದೇ ಬಗೆಯ ಪಾಲಿಮರ್‌ಗಳಿಂದ ಅಚ್ಚು ಹಾಕುತ್ತಾರೆ.

ಮೇಲ್ಕವಚ: ಕಣಕಾಲು ಮತ್ತು ಮೊಣಕಾಲಿನ ಕೆಳಭಾಗವನ್ನು ಸುತ್ತುವ ಭಾಗ. ಇದು ಕಣಕಾಲಿನ ಎರಡೂ ಬದಿಯಲ್ಲಿ ತಿರುಗಣಿಗಳ ಮೂಲಕ ಕೆಳಕವಚಕ್ಕೆ ಜೋಡಣೆಗೊಂಡಿರುತ್ತದೆ.

ನಾಲಗೆ ಅಥವಾ ಮಡಿಕೆ: ಕೆಲವು ಬೂಟುಗಳಲ್ಲಿ ಕವಚದ ಮುಂಭಾಗ ತೆರೆದಿದ್ದು, ಅದನ್ನು ಪ್ರತ್ಯೇಕವಾದ ಪ್ಲಾಸ್ಟಿಕ್ ನಾಲಗೆ ಮುಚ್ಚುತ್ತದೆ. ಉಳಿದವುಗಳಲ್ಲಿ ಕವಚದ ಎರಡು ಅಂಚುಗಳು ಪಾದದ ಮೇಲೆ ಒಂದರ ಮೇಲೊಂದು ಮಡಿಕೆಯಾಗಿ ಕೂಡುತ್ತವೆ.

ಬಕಲ್‌ಗಳು: ಕವಚವನ್ನು ಬಿಗಿಯುವ ಲೋಹದ ಅಥವಾ ಪ್ಲಾಸ್ಟಿಕ್‌ನ ಕೊಂಡಿಗಳು.

ಒಳಬೂಟು: ಪಾದಕ್ಕೆ ತಾಗುವ, ನೊರೆಪ್ಲಾಸ್ಟಿಕ್‌ನಿಂದ ಮಾಡಿದ ಮೃದು ಪದರ. ಇದನ್ನು ಲೈನರ್ ಎಂದೂ ಕರೆಯುತ್ತಾರೆ. ಇದು ಕವಚದಿಂದ ಬೇರ್ಪಡಿಸಬಹುದಾದ ಭಾಗ. ಹಲವು ಒಳಬೂಟುಗಳನ್ನು ಬಿಸಿ ಮಾಡಿ ಧರಿಸುವವರ ಪಾದದ ಆಕಾರಕ್ಕೆ ಹೊಂದಿಸಲಾಗುತ್ತದೆ.

ಪಾದಹಾಸು: ಒಳಬೂಟಿನ ತಳದಲ್ಲಿರುವ, ತೆಗೆದುಹಾಕಬಹುದಾದ ತೆಳು ಹಾಸು.

ಇಷ್ಟು ಭಾಗಗಳು ಚಲಿಸುವಂತೆಯೂ ಬಿಚ್ಚುವಂತೆಯೂ ಇರಬೇಕಾದುದರಿಂದ, ಬೂಟನ್ನು ಒಂದೇ ಅಖಂಡ ಪಾತ್ರೆಯಂತೆ ಮಾಡಲು ಬರುವುದಿಲ್ಲ. ಕವಚದ ವಸ್ತು ಜಲನಿರೋಧಕವಾಗಿದ್ದರೂ ಬೂಟು ಪೂರ್ಣವಾಗಿ ಜಲನಿರೋಧಕವಲ್ಲ ಎಂಬುದು ಈ ರಚನೆಯಿಂದಲೇ ತಿಳಿಯುತ್ತದೆ.

ಇತಿಹಾಸ

ಪ್ಲಾಸ್ಟಿಕ್ ಬರುವ ಮುಂಚೆ

ಶೀತಪ್ರದೇಶಗಳ ಜನರು ಪಾದರಕ್ಷೆಯ ಒಳಗಿನ ತೇವದ ಸಮಸ್ಯೆಯನ್ನು ಬಹಳ ಹಿಂದೆಯೇ ಗುರುತಿಸಿದ್ದರು. ಉತ್ತರ ಸ್ಕ್ಯಾಂಡಿನೇವಿಯಾದ ಸಾಮಿ ಜನರು ಹಿಮಸಾರಂಗದ ತೊಗಲಿನಿಂದ ಮಾಡಿದ ಬೂಟುಗಳೊಳಗೆ ಒಣಗಿಸಿದ ಜೊಂಡುಹುಲ್ಲನ್ನು ತುಂಬುತ್ತಿದ್ದರು. ಹುಲ್ಲು ಪಾದವನ್ನು ಬೆಚ್ಚಗಿಡುವುದರ ಜೊತೆಗೆ ಬೆವರನ್ನೂ ಹೀರುತ್ತಿತ್ತು. ರಾತ್ರಿ ಅದನ್ನು ಹೊರತೆಗೆದು ಕೊಡವಿ, ಒಣಗಿಸಿ, ಮರುದಿನ ಮತ್ತೆ ತುಂಬಲಾಗುತ್ತಿತ್ತು. 20ನೆಯ ಶತಮಾನದ ಆರಂಭದಲ್ಲಿ ದಕ್ಷಿಣ ಧ್ರುವದ ಕಡೆಗೆ ಹೊರಟ ರೋಲ್ಡ್ ಅಮುಂಡ್ಸೆನ್ ಮತ್ತು ರಾಬರ್ಟ್ ಸ್ಕಾಟ್ ಇಬ್ಬರ ತಂಡಗಳಲ್ಲಿಯೂ ಈ ಬಗೆಯ ಬೂಟು ಮತ್ತು ಹುಲ್ಲಿನ ಬಳಕೆ ಇತ್ತು. ಆರ್ಕ್ಟಿಕ್‌ನ ಇನುಯಿಟ್ ಜನರು ಸೀಲ್ ಪ್ರಾಣಿಯ ಚರ್ಮವನ್ನು ನೀರು ನುಸುಳದ ವಿಶೇಷ ಹೊಲಿಗೆಯಿಂದ ಜೋಡಿಸಿ ಬೂಟು ತಯಾರಿಸುತ್ತಿದ್ದರು ಮತ್ತು ಮನೆಯೊಳಗೆ ಎಣ್ಣೆದೀಪದ ಮೇಲಿನ ಚೌಕಟ್ಟಿನಲ್ಲಿ ಅವುಗಳನ್ನು ಒಣಗಿಸುತ್ತಿದ್ದರು. ಇಂದಿನ ಬೇರ್ಪಡಿಸಬಹುದಾದ ಒಳಬೂಟಿನ ಹಿಂದಿರುವುದೂ ಇದೇ ತತ್ತ್ವ: ಹೊರಪದರ ನೀರನ್ನು ತಡೆಯಬೇಕು, ಒಳಪದರವನ್ನು ತೆಗೆದು ಒಣಗಿಸಲು ಸಾಧ್ಯವಾಗಬೇಕು.

ಪರ್ವತಾರೋಹಿಗಳು ಮತ್ತು ಸ್ಕೀ ಪಟುಗಳು 20ನೆಯ ಶತಮಾನದ ಮಧ್ಯಭಾಗದವರೆಗೂ ಚರ್ಮದ ಬೂಟುಗಳನ್ನು ಬಳಸಿದರು. ಮೇಣ ಮತ್ತು ಕೊಬ್ಬು ಸವರಿದರೂ ಚರ್ಮವು ಕ್ರಮೇಣ ನೀರನ್ನು ಹೀರಿ, ರಾತ್ರಿಯ ಚಳಿಗೆ ಕಲ್ಲಿನಂತೆ ಗಟ್ಟಿಯಾಗುತ್ತಿತ್ತು. 1950ರಲ್ಲಿ ಅನ್ನಪೂರ್ಣಾ ಶಿಖರವನ್ನು ಮೊದಲ ಬಾರಿಗೆ ಏರಿದ ಫ್ರಾನ್ಸಿನ ಮೋರಿಸ್ ಹೆರ್ಜೋಗ್ ಮತ್ತು ಲೂಯಿ ಲಾಶೆನಾಲ್ ಇಬ್ಬರೂ ಹಿಮಕಡಿತದಿಂದ ತಮ್ಮ ಕಾಲ್ಬೆರಳುಗಳನ್ನು ಕಳೆದುಕೊಂಡರು. ಆ ಆರೋಹಣದಲ್ಲಿ ಬಳಕೆಯಾದದ್ದು ಚರ್ಮದ ಬೂಟುಗಳು.

ಪ್ಲಾಸ್ಟಿಕ್ ಕವಚದ ಕಾಲ

1960ರ ದಶಕದಲ್ಲಿ ಅಮೆರಿಕದ ಬಾಬ್ ಲ್ಯಾಂಗ್ ಪಾಲಿಯುರೆಥೇನ್ ಕವಚದ ಸ್ಕೀ ಬೂಟನ್ನು ಮಾರುಕಟ್ಟೆಗೆ ತಂದರು. ಗಡಸುತನಕ್ಕಾಗಿ ಸ್ಪರ್ಧಿಗಳು ಅದನ್ನು ಬೇಗನೆ ಒಪ್ಪಿಕೊಂಡರು. ಕವಚ ನೀರನ್ನು ಹೀರದಿರುವುದು ಅದರ ಇನ್ನೊಂದು ಲಾಭವಾಗಿತ್ತು. ಮುಂದಿನ ದಶಕಗಳಲ್ಲಿ ಪರ್ವತಾರೋಹಣಕ್ಕೂ ಪ್ಲಾಸ್ಟಿಕ್ ಹೊರಕವಚ ಮತ್ತು ಪ್ರತ್ಯೇಕ ಒಳಬೂಟುಗಳಿರುವ ಜೋಡಿಬೂಟುಗಳು ಬಂದವು.

ಸ್ನೋಬೋರ್ಡಿಂಗ್‌ನ ಮೂಲ 1965ರಲ್ಲಿ ಅಮೆರಿಕದ ಮಿಷಿಗನ್ ರಾಜ್ಯದ ಶೆರ್ಮನ್ ಪಾಪೆನ್ ರೂಪಿಸಿದ ಸ್ನರ್ಫರ್ ಎಂಬ ಹಲಗೆಯಲ್ಲಿದೆ. ಆರಂಭದ ಸ್ನೋಬೋರ್ಡ್ ಪಟುಗಳು ಚಳಿಗಾಲದ ಸಾಮಾನ್ಯ ಬೂಟುಗಳನ್ನೇ ಧರಿಸುತ್ತಿದ್ದರು. 1980ರ ದಶಕದಲ್ಲಿ, ಮುಖ್ಯವಾಗಿ ಯುರೋಪಿನಲ್ಲಿ, ಸ್ಕೀ ಮತ್ತು ಪರ್ವತಾರೋಹಣದ ಪ್ಲಾಸ್ಟಿಕ್ ಬೂಟುಗಳನ್ನು ಅನುಸರಿಸಿ ಸ್ನೋಬೋರ್ಡ್‌ಗೆಂದೇ ಗಟ್ಟಿ ಬೂಟುಗಳು ತಯಾರಾದವು. 1998ರ ನಗಾನೊ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಸ್ನೋಬೋರ್ಡಿಂಗ್ ಮೊದಲ ಬಾರಿಗೆ ಪದಕದ ಕ್ರೀಡೆಯಾಯಿತು. 2002ರಿಂದ ಪ್ಯಾರಲಲ್ ಜೈಂಟ್ ಸ್ಲಾಲಮ್ ಒಲಿಂಪಿಕ್ಸ್‌ನಲ್ಲಿದೆ. 2018ರ ಪ್ಯೊಂಗ್‌ಚಾಂಗ್ ಒಲಿಂಪಿಕ್ಸ್‌ನಲ್ಲಿ ಜೆಕ್ ಗಣರಾಜ್ಯದ ಎಸ್ಟರ್ ಲೆಡೆಟ್ಸ್ಕಾ ಈ ಸ್ಪರ್ಧೆಯಲ್ಲಿಯೂ ಆಲ್ಪೈನ್ ಸ್ಕೀಯಿಂಗ್‌ನ ಸೂಪರ್-ಜಿ ಸ್ಪರ್ಧೆಯಲ್ಲಿಯೂ ಚಿನ್ನ ಗೆದ್ದರು. ಇಂದು ಗಟ್ಟಿ ಬೂಟುಗಳನ್ನು ತಯಾರಿಸುವ ಸಂಸ್ಥೆಗಳು ಕೆಲವೇ ಇವೆ. ಹೀಗಾಗಿ ಒಂದೇ ಜೋಡಿ ಬೂಟನ್ನು ಹಲವು ವರ್ಷ ಕಾಪಾಡಿಕೊಂಡು ಬಳಸುವ ರೂಢಿ ಇದೆ.

ಹಿಮ ಒಳಬರುವ ದಾರಿಗಳು

ಮುಂಭಾಗದ ಮಡಿಕೆ. ಕಾಲ್ಬೆರಳುಗಳ ಹಿಂದೆ, ಪಾದದ ಮೇಲ್ಭಾಗದಲ್ಲಿ ಕವಚದ ಅಂಚುಗಳು ಕೂಡುವ ಸಂದು ಹಿಮ ಪ್ರವೇಶದ ಮುಖ್ಯ ದಾರಿಯಾಗಿದೆ. ಇಲ್ಲಿ ಕೂತ ಹಿಮವು ಪಾದದಿಂದ ಹೊಮ್ಮುವ ಶಾಖಕ್ಕೆ ನಿಧಾನವಾಗಿ ಕರಗುತ್ತದೆ. ದೀಪದ ಬತ್ತಿಯಲ್ಲಿ ಎಣ್ಣೆ ಹರಿಯುವಂತೆ, ಈ ನೀರು ಲೋಮನಾಳ ಕ್ರಿಯೆಯಿಂದ ಕಿರಿದಾದ ಸಂದಿನೊಳಕ್ಕೆ ಎಳೆಯಲ್ಪಡುತ್ತದೆ. ಹಿಮದ ಹರಳು ತೂರಲಾರದಷ್ಟು ಸಣ್ಣ ಸಂದಿನಲ್ಲಿಯೂ ನೀರು ಸಾಗಬಲ್ಲದು.

ನಾಲಗೆಯ ಬದಿಗಳು. ಪ್ರತ್ಯೇಕ ನಾಲಗೆಯಿರುವ ಬೂಟುಗಳಲ್ಲಿ ಅದರ ಎರಡೂ ಬದಿಯಲ್ಲಿ ಸಂದು ಉಳಿಯುತ್ತದೆ. ಕಣಕಾಲು ಬಾಗಿದಾಗ ನಾಲಗೆ ಸ್ವಲ್ಪ ಸರಿದು ಈ ಸಂದು ತೆರೆದುಕೊಳ್ಳುತ್ತದೆ.

ಮೇಲಿನ ಬಾಯಿ. ಬಿದ್ದಾಗ ಅಥವಾ ಆಳವಾದ ಹಿಮದಲ್ಲಿ ನಡೆಯುವಾಗ ಷರಾಯಿಯ ಅಂಚು ಮೇಲೇರಿದರೆ, ಬೂಟಿನ ಬಾಯಿಯಿಂದ ಹಿಮ ನೇರವಾಗಿ ಒಳಬೀಳುತ್ತದೆ.

ತಿರುಗಣಿ, ತಿರುಪು ಮತ್ತು ಹಿಂಭಾಗದ ಸೀಳು. ಕಣಕಾಲಿನ ತಿರುಗಣಿಗಳು, ಬಕಲ್‌ಗಳ ಮೊಳೆರಂಧ್ರಗಳು, ಹಿಮ್ಮಡಿಯ ಮೇಲೆ ಕವಚಗಳು ಕೂಡುವ ಜಾಗ ಮತ್ತು ಅಲ್ಲಿರುವ ಬಾಗುವಿಕೆಯ ನಿಯಂತ್ರಕದ ಸುತ್ತಲೂ ಸಣ್ಣ ತೆರಪುಗಳಿರುತ್ತವೆ.

ಆಟದ ರೀತಿಯೂ ಇದಕ್ಕೆ ಕಾರಣವಾಗುತ್ತದೆ. ಗಟ್ಟಿ ಬೂಟು ಧರಿಸಿ ಅಂಚಿನ ಮೇಲೆ ವಾಲುವ ಪಟುವಿನ ದೇಹ ಹಿಮದ ನೆಲಕ್ಕೆ ಬಹಳ ಹತ್ತಿರ ಬರುತ್ತದೆ. ಹಲಗೆಯ ಅಂಚು ಕೆತ್ತಿ ಎರಚುವ ಹಿಮ ಬೂಟಿನ ಮೇಲೆ ಬೀಳುತ್ತದೆ. ಸ್ಕೀ ಪಟುಗಳು ಹೆಚ್ಚಾಗಿ ನಿಂತೇ ವಿಶ್ರಮಿಸಿದರೆ, ಸ್ನೋಬೋರ್ಡ್ ಪಟುಗಳು ಮೊಣಕಾಲೂರಿ ಇಲ್ಲವೆ ಹಿಮದ ಮೇಲೆ ಕುಳಿತು ವಿಶ್ರಮಿಸುವುದು ಹೆಚ್ಚು. ಕೇಬಲ್ ಕುರ್ಚಿಯಲ್ಲಿ ಮೇಲೇರುವಾಗ ಪಾದಕ್ಕೆ ಆರಾಮವಾಗಲೆಂದು ಬಕಲ್ ಸಡಿಲಿಸುವ ರೂಢಿಯಿದೆ. ಆಗ ತೆರೆದುಕೊಂಡ ಮಡಿಕೆಯಲ್ಲಿ ಹಿಮವಿದ್ದರೆ, ಮತ್ತೆ ಬಿಗಿಯುವಾಗ ಅದು ಒಳಕ್ಕೆ ಒತ್ತಲ್ಪಡುತ್ತದೆ.

ಒಳಗಿನ ತೇವ

ಅಂಗಾಲು ಬೆವರು ಗ್ರಂಥಿಗಳು ಅತ್ಯಂತ ದಟ್ಟವಾಗಿರುವ ದೇಹಭಾಗಗಳಲ್ಲಿ ಒಂದು. ಶ್ರಮದಾಯಕ ಆಟದಲ್ಲಿ ತೊಡಗಿದಾಗ ಹೊರಗೆ ಎಷ್ಟೇ ಚಳಿಯಿದ್ದರೂ ಪಾದ ಬೆವರುತ್ತದೆ. ಬಟ್ಟೆಯ ಅಥವಾ ಚರ್ಮದ ಪಾದರಕ್ಷೆಯಲ್ಲಿ ಬೆವರಿನ ಆವಿ ಅಷ್ಟಿಷ್ಟು ಹೊರಹೋಗುತ್ತದೆ. ಪ್ಲಾಸ್ಟಿಕ್ ಕವಚದಲ್ಲಿ ಅದಕ್ಕೆ ದಾರಿಯಿಲ್ಲ. ಆವಿಯು ಕಾಲುಚೀಲ ಮತ್ತು ಒಳಬೂಟನ್ನು ದಾಟಿ ತಣ್ಣಗಿರುವ ಕವಚದ ಒಳಮೈಯನ್ನು ಮುಟ್ಟಿ ಸಾಂದ್ರೀಕರಣಗೊಳ್ಳುತ್ತದೆ. ಚಳಿ ತೀವ್ರವಾಗಿದ್ದರೆ ಅದು ಅಲ್ಲಿಯೇ ಹೆಪ್ಪುಗಟ್ಟಿ ಬಿಳಿಯ ಪದರವಾಗುತ್ತದೆ. ಹಿಮ ಸ್ವಲ್ಪವೂ ಒಳಬರದ ದಿನದಲ್ಲಿಯೂ ಒಳಬೂಟಿನ ಹೊರಮೈ ಒದ್ದೆಯಾಗುವುದು ಈ ಕಾರಣದಿಂದ. ಇದನ್ನು ಸೋರಿಕೆ ಎಂದು ತಪ್ಪಾಗಿ ತಿಳಿಯುವುದುಂಟು.

ತೇವದ ಜಾಗವನ್ನು ಗಮನಿಸಿ ಅದರ ಮೂಲವನ್ನು ಊಹಿಸಬಹುದು. ಒಳಬೂಟಿನ ಹೊರಮೈಯಲ್ಲಿ ಮಡಿಕೆಯ ಅಥವಾ ತಿರುಗಣಿಯ ಎದುರಿಗೆ ಮಾತ್ರ ಒದ್ದೆಯಿದ್ದರೆ ಅದು ಸಾಮಾನ್ಯವಾಗಿ ಹೊರಗಿನ ನೀರು. ಕಾಲುಚೀಲ, ಪಾದಹಾಸು ಮತ್ತು ಒಳಬೂಟಿನ ಎಲ್ಲ ಕಡೆ ಸಮನಾಗಿ ತೇವವಿದ್ದರೆ ಅದು ಬೆವರು. ಎರಡಕ್ಕೂ ಪರಿಹಾರ ಬೇರೆಯಾದುದರಿಂದ ಈ ವ್ಯತ್ಯಾಸವನ್ನು ಗುರುತಿಸುವುದು ಮುಖ್ಯ.

ತೇವ ಮತ್ತು ಶಾಖನಷ್ಟ

ಒಳಬೂಟು ಪಾದವನ್ನು ಬೆಚ್ಚಗಿಡುವುದು ಅದರಲ್ಲಿ ಸಿಲುಕಿದ ನಿಶ್ಚಲ ಗಾಳಿಯಿಂದ. ನೀರಿನ ಉಷ್ಣವಾಹಕತೆ ಗಾಳಿಯದಕ್ಕಿಂತ ಸುಮಾರು 25 ಪಟ್ಟು ಹೆಚ್ಚು. ಗಾಳಿಯಿರಬೇಕಾದ ಜಾಗವನ್ನು ನೀರು ತುಂಬಿದಂತೆಲ್ಲ ಪಾದದ ಶಾಖ ಬೇಗ ಹೊರಹರಿಯುತ್ತದೆ.

ಒಳಬಂದ ಹಿಮ ಇನ್ನೊಂದು ಬಗೆಯಲ್ಲಿಯೂ ಶಾಖವನ್ನು ಕಸಿಯುತ್ತದೆ. 0 ಡಿಗ್ರಿ ಸೆಲ್ಸಿಯಸ್‌ನಲ್ಲಿರುವ 1 ಗ್ರಾಂ ಹಿಮ ಕರಗಲು ಸುಮಾರು 334 ಜೂಲ್ ಶಾಖ ಬೇಕು. ಇದು ಕರಗುವಿಕೆಯ ಗುಪ್ತೋಷ್ಣ. ಕರಗಿದ ಆ ನೀರು 30 ಡಿಗ್ರಿಗೆ ಬಿಸಿಯಾಗಲು ಇನ್ನೂ ಸುಮಾರು 125 ಜೂಲ್ ಬೇಕು. ಅದೇ ನೀರು ಆವಿಯಾಗಬೇಕಾದರೆ ಸುಮಾರು 2,400 ಜೂಲ್ ಬೇಕಾಗುತ್ತದೆ. ಹಿಮ ಕರಗಿಸಿ ಬೆಚ್ಚಗಾಗಿಸಲು ತಗಲುವ ಶಾಖದ ಐದು ಪಟ್ಟಿಗೂ ಹೆಚ್ಚಿನ ಶಾಖ ಅದನ್ನು ಒಣಗಿಸಲು ತಗಲುತ್ತದೆ ಎಂದಾಯಿತು. ಒದ್ದೆಯಾದ ಒಳಬೂಟನ್ನು ಕಾಲಿನಲ್ಲಿದ್ದಂತೆಯೇ ಮೈಶಾಖದಿಂದ ಒಣಗಿಸಿಕೊಳ್ಳಬಹುದೆಂಬ ಎಣಿಕೆ ಏಕೆ ಸರಿಯಲ್ಲ ಎಂಬುದನ್ನು ಈ ಲೆಕ್ಕ ತೋರಿಸುತ್ತದೆ. ಆ ಶಾಖದ ಬಹುಭಾಗ ಪಾದದಿಂದಲೇ ಬರಬೇಕಾಗುತ್ತದೆ. ಆವಿಯಾದ ನೀರು ಕೂಡ ಕವಚವನ್ನು ದಾಟಲಾರದೆ ಮತ್ತೆ ನೀರಾಗುತ್ತದೆ.

ಆರೋಗ್ಯದ ಮೇಲಿನ ಪರಿಣಾಮ

ಹಿಮಕಡಿತ. ಚರ್ಮ ಮತ್ತು ಅದರ ಕೆಳಗಿನ ಅಂಗಾಂಶ ಹೆಪ್ಪುಗಟ್ಟುವುದಕ್ಕೆ ಹಿಮಕಡಿತ ಎನ್ನುತ್ತಾರೆ. ದೇಹ ತಣ್ಣಗಾದಾಗ ಕೈಕಾಲುಗಳ ರಕ್ತನಾಳಗಳು ಕುಗ್ಗಿ ಮುಖ್ಯ ಅಂಗಗಳ ಶಾಖವನ್ನು ಉಳಿಸುತ್ತವೆ. ಹೃದಯದಿಂದ ದೂರವಿರುವ ಕಾಲ್ಬೆರಳುಗಳು ಇದರಿಂದ ಮೊದಲು ತೊಂದರೆಗೊಳಗಾಗುತ್ತವೆ. ತೇವ, ಗಾಳಿ ಮತ್ತು ರಕ್ತಸಂಚಾರವನ್ನು ತಡೆಯುವಷ್ಟು ಬಿಗಿಯಾದ ಬಕಲ್‌ಗಳು ಅಪಾಯವನ್ನು ಹೆಚ್ಚಿಸುತ್ತವೆ. ಮೊದಲು ನೋವು, ಬಳಿಕ ಜೋಮು, ಆಮೇಲೆ ಸ್ಪರ್ಶಜ್ಞಾನವೇ ಇಲ್ಲದಿರುವುದು ಇದರ ಕ್ರಮ. ನೋಯುತ್ತಿದ್ದ ಬೆರಳು ಬೆಚ್ಚಗಾಗದೆಯೇ ನೋವು ನಿಂತರೆ ಅದು ಗುಣದ ಲಕ್ಷಣವಲ್ಲ, ಎಚ್ಚರಿಕೆಯ ಸೂಚನೆ.

ಕಂದಕ ಪಾದ. ಹೆಪ್ಪುಗಟ್ಟುವಷ್ಟು ಚಳಿಯಿಲ್ಲದಿದ್ದರೂ, ಬಹಳ ಹೊತ್ತು ಒದ್ದೆಯಾಗಿಯೂ ತಣ್ಣಗೂ ಇರುವ ಪಾದದ ನರಗಳು ಮತ್ತು ರಕ್ತನಾಳಗಳು ಹಾನಿಗೊಳ್ಳುತ್ತವೆ. ಮೊದಲನೆಯ ಮಹಾಯುದ್ಧದ ಕಂದಕಗಳಲ್ಲಿ ನೀರಿನಲ್ಲಿ ನಿಂತಿದ್ದ ಸೈನಿಕರಲ್ಲಿ ವ್ಯಾಪಕವಾಗಿ ಕಂಡುಬಂದುದರಿಂದ ಇದಕ್ಕೆ ಈ ಹೆಸರು ಬಂದಿತು. 1914–15ರ ಚಳಿಗಾಲದಲ್ಲಿ ಬ್ರಿಟಿಷ್ ಸೇನೆಯ 20,000ಕ್ಕೂ ಹೆಚ್ಚು ಮಂದಿಗೆ ಇದಕ್ಕಾಗಿ ಚಿಕಿತ್ಸೆ ನೀಡಬೇಕಾಯಿತು. ಕಾಲುಚೀಲಗಳನ್ನು ದಿನವೂ ಬದಲಿಸುವುದು, ಪಾದವನ್ನು ಒರೆಸಿ ತಿಮಿಂಗಿಲದ ಎಣ್ಣೆ ಸವರುವುದು, ಅಧಿಕಾರಿಗಳು ಸೈನಿಕರ ಪಾದಗಳನ್ನು ಪರೀಕ್ಷಿಸುವುದು ಮುಂತಾದ ಕ್ರಮಗಳು ಆಗ ಜಾರಿಗೆ ಬಂದವು. ದಿನದ ಕೆಲವು ಗಂಟೆ ಮಾತ್ರ ಆಡುವವರಲ್ಲಿ ಈ ಗಾಯ ಅಪರೂಪ. ಹಲವು ದಿನಗಳ ಹಿಮಯಾತ್ರೆಯಲ್ಲಿ ಒದ್ದೆ ಬೂಟು ಬದಲಿಸಲಾಗದವರಿಗೆ ಇದರ ಅಪಾಯವಿದೆ.

ಇತರ ತೊಂದರೆಗಳು. ತೇವದಿಂದ ಮೆತ್ತಗಾದ ಚರ್ಮದಲ್ಲಿ ಗುಳ್ಳೆಗಳು ಬೇಗ ಏಳುತ್ತವೆ. ಬೆರಳುಗಳ ಸಂದಿನಲ್ಲಿ ಶಿಲೀಂಧ್ರದ ಸೋಂಕು ಹರಡುತ್ತದೆ. ಬೂಟಿನ ದುರ್ವಾಸನೆಗೆ ಬೆವರಿಗಿಂತ, ತೇವದಲ್ಲಿ ಬೆಳೆಯುವ ಬ್ಯಾಕ್ಟೀರಿಯಾಗಳೇ ಕಾರಣ.

ಪ್ರಥಮ ಚಿಕಿತ್ಸೆ. ಹಿಮಕಡಿತದ ಅನುಮಾನವಿದ್ದಾಗ ಪಾದವನ್ನು ಉಜ್ಜಬಾರದು. ಹಿಮದಿಂದ ತಿಕ್ಕುವುದಂತೂ ಹಾನಿಕರ. ಬೆಚ್ಚನೆಯ ಸ್ಥಳಕ್ಕೆ ಹೋಗಿ ಒದ್ದೆ ಬೂಟು ಮತ್ತು ಕಾಲುಚೀಲಗಳನ್ನು ತೆಗೆದು, 37ರಿಂದ 39 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ನೀರಿನಲ್ಲಿ ಪಾದವನ್ನು ಇಡುವುದು ಒಪ್ಪಿತ ವಿಧಾನ. ಜೋಮುಗಟ್ಟಿದ ಪಾದಕ್ಕೆ ಸುಟ್ಟರೂ ತಿಳಿಯುವುದಿಲ್ಲವಾದ್ದರಿಂದ ಬೆಂಕಿಗೆ ಒಡ್ಡಬಾರದು. ಪಾದ ಮತ್ತೆ ಹೆಪ್ಪುಗಟ್ಟುವ ಸಾಧ್ಯತೆ ಇರುವಲ್ಲಿ ಅದನ್ನು ಕರಗಿಸಬಾರದು. ಒಮ್ಮೆ ಕರಗಿ ಮತ್ತೆ ಹೆಪ್ಪುಗಟ್ಟಿದರೆ ಹಾನಿ ಹೆಚ್ಚು. ವೈದ್ಯರ ನೆರವನ್ನು ಬೇಗ ಪಡೆಯಬೇಕು.

ಹೊರಗಿನಿಂದ ತಡೆಯುವ ಕ್ರಮಗಳು

ಷರಾಯಿಯ ಒಳಗಟ್ಟು. ಹಿಮದ ಆಟದ ಷರಾಯಿಗಳ ಒಳಗೆ ಎಲಾಸ್ಟಿಕ್ ಅಂಚಿನ ಒಂದು ಒಳಪಟ್ಟಿ ಇರುತ್ತದೆ. ಅದನ್ನು ಮೇಲ್ಕವಚದ ಹೊರಗೆ ಎಳೆದು ಕೂರಿಸಿದರೆ ಬೂಟಿನ ಬಾಯಿ ಮುಚ್ಚುತ್ತದೆ. ಬೂಟಿನೊಳಕ್ಕೆ ತುರುಕಿದರೆ ಅದೇ ಪಟ್ಟಿ ನೀರನ್ನು ಒಳಕ್ಕೆ ಒಯ್ಯುವ ಬತ್ತಿಯಾಗುತ್ತದೆ. ಕಾಲಿಗೆ ಒತ್ತಿ ನೋವನ್ನೂ ಉಂಟುಮಾಡುತ್ತದೆ. ಆಳವಾದ ಹಿಮದಲ್ಲಿ ಪ್ರತ್ಯೇಕ ಗೇಟರ್‌ಗಳನ್ನು, ಅಂದರೆ ಕಣಕಾಲಿನ ಸುತ್ತ ಕಟ್ಟುವ ಹೊದಿಕೆಗಳನ್ನು, ಬಳಸುತ್ತಾರೆ.

ಸಂದುಗಳಿಗೆ ರಬ್ಬರ್ ಪಟ್ಟಿ. ಕೆಲವು ಬೂಟುಗಳಲ್ಲಿ ಮಡಿಕೆಯ ಅಂಚಿಗೆ ರಬ್ಬರ್ ಪಟ್ಟಿ ತಯಾರಿಕೆಯಲ್ಲಿಯೇ ಬಂದಿರುತ್ತದೆ. ಇಲ್ಲದಿದ್ದಲ್ಲಿ ತೆಳುವಾದ ಮೃದು ನೊರೆಪಟ್ಟಿಯನ್ನು ಅಂಟಿಸುತ್ತಾರೆ. ಪಟ್ಟಿ ದಪ್ಪವಾದರೆ ಕವಚ ಸರಿಯಾಗಿ ಮುಚ್ಚದೆ, ಸಂದು ಇನ್ನೂ ದೊಡ್ಡದಾಗುತ್ತದೆ.

ಸಿಲಿಕೋನ್ ಲೇಪ. ಚಲನೆಯಿಲ್ಲದ ರಂಧ್ರಗಳನ್ನು, ಉದಾಹರಣೆಗೆ ಮೊಳೆಗಳ ಸುತ್ತಲಿನ ತೆರಪುಗಳನ್ನು, ಸಿಲಿಕೋನ್ ಅಂಟಿನಿಂದ ಮುಚ್ಚಬಹುದು. ಒಣಗಿದ, ಜಿಡ್ಡಿಲ್ಲದ ಮೈಗೆ ಮಾತ್ರ ಅದು ಹಿಡಿಯುತ್ತದೆ. ತಿರುಗಣಿ ಮತ್ತು ಮಡಿಕೆಯಂತಹ ಚಲಿಸುವ ಜಾಗಗಳಲ್ಲಿ ಅದು ಬೇಗ ಕಿತ್ತುಬರುತ್ತದೆ.

ಅಂಟುಪಟ್ಟಿ. ಬೂಟು ಧರಿಸಿದ ನಂತರ ಮಡಿಕೆಯ ಮೇಲೆ ಅಗಲವಾದ ಬಟ್ಟೆಬೆನ್ನಿನ ಅಂಟುಪಟ್ಟಿ ಹಚ್ಚುವುದು ಅಗ್ಗದ ತಾತ್ಕಾಲಿಕ ಉಪಾಯ. ಅದನ್ನು ಬಕಲ್‌ಗಳಿಗೆ ಅಡ್ಡಿಯಾಗದಂತೆ ಹಚ್ಚಬೇಕು.

ಬೂಟಿನ ಮೇಲ್ಹೊದಿಕೆ. ನಿಯೋಪ್ರೀನ್ ಎಂಬ ರಬ್ಬರಿನ ಹೊದಿಕೆಗಳು ಬೂಟಿನ ಮುಂಭಾಗವನ್ನು ಮುಚ್ಚಿ, ಹಿಮವನ್ನು ತಡೆಯುವುದರ ಜೊತೆಗೆ ಕವಚವನ್ನು ಬೆಚ್ಚಗೂ ಇಡುತ್ತವೆ. ಕವಚ ಬೆಚ್ಚಗಿದ್ದರೆ ಅದರ ಒಳಮೈಯಲ್ಲಿ ಸಾಂದ್ರೀಕರಣವೂ ಕಡಿಮೆ. ಗಟ್ಟಿ ಬೂಟನ್ನು ಹಲಗೆಗೆ ಹಿಡಿದಿಡುವುದು ಬೆರಳು ಮತ್ತು ಹಿಮ್ಮಡಿಯ ಕಡೆಯ ಲೋಹದ ಬಳೆಗಳು. ಹೊದಿಕೆಯ ಅಂಚು ಈ ಬಳೆ ಮತ್ತು ಬೂಟಿನ ನಡುವೆ ಸಿಲುಕಿದರೆ ಬೈಂಡಿಂಗ್ ಸರಿಯಾಗಿ ಕೂರದೆ ಅಪಘಾತವಾಗಬಹುದು. ಆದುದರಿಂದ ಹೊದಿಕೆ ಆ ಭಾಗಗಳಿಂದ ದೂರವಿರಬೇಕು.

ಹಿಮ ಕೊಡವುವುದು. ಬಕಲ್ ತೆರೆಯುವ ಮುಂಚೆ ಮತ್ತು ಒಳಾಂಗಣಕ್ಕೆ ಬಂದ ಕೂಡಲೇ ಬೂಟಿನ ಮೇಲಿನ ಹಿಮವನ್ನು ಸಣ್ಣ ಬ್ರಷ್ಷಿನಿಂದ ಸರಿಸಬೇಕು. ಬೆಚ್ಚನೆಯ ಕೋಣೆಯಲ್ಲಿ ಹಾಗೆಯೇ ಬಿಟ್ಟ ಹಿಮವು ಕರಗಿ, ಹೊರಗೆ ತೂರಲಾರದ ಸಂದುಗಳಲ್ಲಿಯೂ ಇಳಿಯುತ್ತದೆ.

ಒಳಗಿನ ತೇವವನ್ನು ತಗ್ಗಿಸುವ ಕ್ರಮಗಳು

ಕಾಲುಚೀಲ ತೆಳುವಾಗಿದ್ದು, ಉಣ್ಣೆಯಿಂದ ಅಥವಾ ಕೃತಕ ನೂಲಿನಿಂದ ಮಾಡಿದ್ದಾಗಿರಬೇಕು. ಹತ್ತಿ ನೀರನ್ನು ಹೀರಿ ಹಿಡಿದುಕೊಳ್ಳುವುದರಿಂದ ಚಳಿಗೆ ಸೂಕ್ತವಲ್ಲ. ದಪ್ಪನೆಯ ಅಥವಾ ಎರಡೆರಡು ಕಾಲುಚೀಲಗಳು ಬೂಟನ್ನು ಬಿಗಿಯಾಗಿಸಿ ರಕ್ತಸಂಚಾರವನ್ನು ತಡೆಯುತ್ತವೆ. ಮನೆಯಿಂದಲೇ ಧರಿಸಿ ಬಂದ ಕಾಲುಚೀಲ ಪ್ರಯಾಣದಲ್ಲಿ ಬೆವರಿರುತ್ತದೆ. ಬೂಟು ಹಾಕುವ ಮುನ್ನ ಒಣಗಿದ ಜೋಡಿಗೆ ಬದಲಿಸುವುದು ಸರಳವೂ ಪರಿಣಾಮಕಾರಿಯೂ ಆದ ಕ್ರಮ. ಮಧ್ಯಾಹ್ನ ಇನ್ನೊಮ್ಮೆ ಬದಲಿಸುವವರೂ ಇದ್ದಾರೆ.

ಬೆವರನ್ನೇ ಕಡಿಮೆ ಮಾಡಲು ಕೆಲವರು ಅಲ್ಯೂಮಿನಿಯಂ ಲವಣಗಳಿರುವ ಬೆವರುನಿರೋಧಕವನ್ನು ಪಾದಕ್ಕೆ ಹಚ್ಚುತ್ತಾರೆ. ಇದರಿಂದ ಕೆಲವರ ಚರ್ಮಕ್ಕೆ ಉರಿ ಉಂಟಾಗಬಹುದು.

ಆವಿ ತಡೆಪದರ ಎಂಬ ವಿಧಾನ ಇದಕ್ಕೆ ವ್ಯತಿರಿಕ್ತವಾದುದು. ತೆಳು ಒಳಚೀಲದ ಮೇಲೆ ನೀರಾವಿ ದಾಟದ ಪ್ಲಾಸ್ಟಿಕ್ ಚೀಲವನ್ನು ಧರಿಸಿ, ಅದರ ಮೇಲೆ ಒಳಬೂಟನ್ನು ಹಾಕುತ್ತಾರೆ. ಚರ್ಮದ ಬಳಿ ತೇವವಿದ್ದರೂ ಒಳಬೂಟು ಒಣಗಿಯೇ ಉಳಿದು ಬೆಚ್ಚಗಿರುತ್ತದೆ. ಒಣಗಿಸುವ ಅನುಕೂಲವಿಲ್ಲದ, ಅತಿ ಚಳಿಯ, ಹಲವು ದಿನಗಳ ಯಾತ್ರೆಗಳಲ್ಲಿ ಇದು ಉಪಯುಕ್ತ. ಆದರೆ ಪ್ರತಿ ರಾತ್ರಿ ಪಾದವನ್ನು ತೊಳೆದು ಒಣಗಿಸದಿದ್ದರೆ ಚರ್ಮ ಹಾಳಾಗುತ್ತದೆ.

ಬ್ಯಾಟರಿಯಿಂದ ನಡೆಯುವ ಬಿಸಿಹಾಸುಗಳು ಮತ್ತು ಬಿಸಿ ಕಾಲುಚೀಲಗಳು ಪಾದವನ್ನು ಬೆಚ್ಚಗಿಡುತ್ತವೆ. ಅವು ತೇವವನ್ನು ಹೊರಹಾಕುವುದಿಲ್ಲ. ಅತಿಯಾಗಿ ಬಿಸಿ ಮಾಡಿದರೆ ಬೆವರು ಹೆಚ್ಚುತ್ತದೆ.

ಒಣಗಿಸುವಿಕೆ

ದಿನದ ಆಟ ಮುಗಿದ ಮೇಲೆ ಒಳಬೂಟನ್ನು ಕವಚದಿಂದ, ಪಾದಹಾಸನ್ನು ಒಳಬೂಟಿನಿಂದ ಬೇರ್ಪಡಿಸಬೇಕು. ಕವಚದ ಒಳಗಿನ ನೀರನ್ನು ಬಟ್ಟೆಯಿಂದ ಒರೆಸಬೇಕು. ಒಳಬೂಟಿನ ಬಾಯಿ ಅಗಲಿಸಿ, ಕೋಣೆಯ ಉಷ್ಣತೆಯಲ್ಲಿ ಗಾಳಿಯಾಡುವೆಡೆ ಇಡಬೇಕು. ಒಣಗಲು ಶಾಖಕ್ಕಿಂತ ಗಾಳಿಯ ಚಲನೆ ಹೆಚ್ಚು ಮುಖ್ಯ. ಸಾಮಾನ್ಯ ಫ್ಯಾನಿನ ಎದುರು ಇಟ್ಟರೂ ಸಾಕು. ಬೆಚ್ಚನೆಯ ಗಾಳಿಯನ್ನು ಕೊಳವೆಯ ಮೂಲಕ ಬೂಟಿನೊಳಗೆ ಊದುವ ಯಂತ್ರಗಳೂ ದೊರೆಯುತ್ತವೆ. ವಿದ್ಯುತ್ತಿಲ್ಲದ ಕಡೆ ಹಳೆಯ ಪತ್ರಿಕೆಗಳನ್ನು ಉಂಡೆ ಮಾಡಿ ತುರುಕಿ, ಅವು ಒದ್ದೆಯಾದಂತೆ ಬದಲಿಸಬಹುದು. ಮಳೆಗಾಲದಲ್ಲಿ ನೆನೆದ ಪಾದರಕ್ಷೆಗಳಿಗೂ ಇದೇ ಉಪಾಯವನ್ನು ಬಳಸುತ್ತಾರೆ.

ಒಳಬೂಟನ್ನು ಒಲೆ, ಬೆಂಕಿ ಅಥವಾ ಹೀಟರಿನ ಮೇಲೆ ಇಡಬಾರದು. ಶಾಖದಿಂದ ಆಕಾರ ಪಡೆಯುವ ನೊರೆಪ್ಲಾಸ್ಟಿಕ್ ಅದೇ ಶಾಖದಿಂದ ಆಕಾರವನ್ನು ಕಳೆದುಕೊಳ್ಳುತ್ತದೆ, ಅಂಟುಗಳು ಬಿಡುತ್ತವೆ. ಕವಚವೂ ಬಾಗಬಹುದು. ಬೂಟುಗಳನ್ನು ರಾತ್ರಿ ಕಾರಿನಲ್ಲಿ ಬಿಡುವುದೂ ತಪ್ಪು. ಅಲ್ಲಿ ತೇವ ಹೆಪ್ಪುಗಟ್ಟುತ್ತದೆ ಮತ್ತು ಪ್ಲಾಸ್ಟಿಕ್ ಪೆಡಸಾಗಿ ಬೆಳಿಗ್ಗೆ ಕಾಲು ತೂರಿಸುವುದೇ ಕಷ್ಟವಾಗುತ್ತದೆ. ಬೆಳಿಗ್ಗೆ ಒಳಬೂಟನ್ನು ಮೊದಲು ಪಾದಕ್ಕೆ ಧರಿಸಿ, ಆಮೇಲೆ ಕವಚದೊಳಕ್ಕೆ ಇಳಿಸುವ ಪದ್ಧತಿ ಗಟ್ಟಿ ಬೂಟು ಬಳಸುವವರಲ್ಲಿ ಇದೆ. ಇದರಿಂದ ಒಳಬೂಟನ್ನು ಪ್ರತಿದಿನ ತೆಗೆಯುವ ಕೆಲಸ ಹೊರೆಯೆನಿಸುವುದಿಲ್ಲ.

ಬೂಟಿನ ಬಾಳಿಕೆ

ತೇವ ಪಾದಕ್ಕಷ್ಟೇ ಅಲ್ಲ, ಬೂಟಿಗೂ ಹಾನಿಕರ. ಪಾಲಿಯುರೆಥೇನ್‌ನ ಕೆಲವು ಬಗೆಗಳು, ವಿಶೇಷವಾಗಿ ಪಾಲಿಎಸ್ಟರ್ ಆಧಾರಿತವಾದವು, ನೀರಿನ ತೇವದಿಂದ ವರ್ಷಾನುಗಟ್ಟಲೆ ನಿಧಾನವಾಗಿ ಜಲವಿಭಜನೆಗೊಳ್ಳುತ್ತವೆ. ಹೊರನೋಟಕ್ಕೆ ಸರಿಯಾಗಿಯೇ ಕಾಣುವ ಹಳೆಯ ಕವಚ ಚಳಿಯಲ್ಲಿ, ಬಲ ಬಿದ್ದ ಗಳಿಗೆಯಲ್ಲಿ ಥಟ್ಟನೆ ಸೀಳಬಹುದು. ವೇಗದಲ್ಲಿ ಜಾರುವವರಿಗೆ ಇದು ಗಂಭೀರ ಅಪಾಯ. ಬಕಲ್ ಮತ್ತು ತಿರುಪುಗಳಿಗೆ ತುಕ್ಕು ಹಿಡಿಯುವುದು, ಒಳಬೂಟಿಗೆ ಬೂಷ್ಟು ಹಿಡಿಯುವುದು ಇತರ ಪರಿಣಾಮಗಳು. ಋತು ಮುಗಿದ ಮೇಲೆ ಬೂಟನ್ನು ಪೂರ್ಣವಾಗಿ ಒಣಗಿಸಿ, ಕವಚದ ಆಕಾರ ಉಳಿಯುವಂತೆ ಬಕಲ್‌ಗಳನ್ನು ಸಡಿಲವಾಗಿ ಹಾಕಿ, ಬಿಸಿಲು ಬೀಳದ ಒಣ ಜಾಗದಲ್ಲಿ ಇಡುವುದು ವಾಡಿಕೆ.

ಭಾರತದಲ್ಲಿ

ಭಾರತದಲ್ಲಿ ಹಿಮಕ್ರೀಡೆಗಳು ಮುಖ್ಯವಾಗಿ ಜಮ್ಮು ಮತ್ತು ಕಾಶ್ಮೀರದ ಗುಲ್ಮಾರ್ಗ್, ಉತ್ತರಾಖಂಡದ ಔಲಿ ಹಾಗೂ ಹಿಮಾಚಲ ಪ್ರದೇಶದ ಮನಾಲಿ ಸಮೀಪದ ಸೋಲಾಂಗ್ ಕಣಿವೆಯಲ್ಲಿ ನಡೆಯುತ್ತವೆ. 2020ರಿಂದ ಗುಲ್ಮಾರ್ಗ್‌ನಲ್ಲಿ ನಡೆಯುತ್ತಿರುವ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟದಲ್ಲಿ ಸ್ನೋಬೋರ್ಡಿಂಗ್ ಸ್ಪರ್ಧೆಯೂ ಇದೆ. ಕಾಶ್ಮೀರದ ವಸತಿಗೃಹಗಳಲ್ಲಿ ಕೋಣೆ ಬೆಚ್ಚಗಾಗಿಸಲು ಬುಖಾರಿ ಎಂಬ ಸೌದೆಯ ಒಲೆಯನ್ನು ಬಳಸುತ್ತಾರೆ. ಬೂಟುಗಳನ್ನು ಅದಕ್ಕೆ ತಾಗಿಸದೆ, ಕೈ ಸುಡದಷ್ಟು ದೂರದಲ್ಲಿ ಇಟ್ಟು ಒಣಗಿಸಬಹುದು.

ಕರ್ನಾಟಕವೂ ಸೇರಿದಂತೆ ಹಿಮ ಬೀಳದ ರಾಜ್ಯಗಳಿಂದ ಇಲ್ಲಿಗೆ ಹೋಗುವ ಪ್ರವಾಸಿಗರು ಸಾಮಾನ್ಯವಾಗಿ ಸ್ಕೀ ಬೂಟು ಅಥವಾ ರಬ್ಬರಿನ ಗಮ್‌ಬೂಟುಗಳನ್ನು ಬಾಡಿಗೆಗೆ ಪಡೆಯುತ್ತಾರೆ. ಹಿಂದಿನ ದಿನ ಬೇರೊಬ್ಬರು ಧರಿಸಿದ ಬೂಟು ಪೂರ್ತಿ ಒಣಗಿರದಿರುವ ಸಾಧ್ಯತೆ ಇರುವುದರಿಂದ, ಪಡೆಯುವ ಮುನ್ನ ಒಳಗೆ ಬೆರಳಿನ ತುದಿಯವರೆಗೆ ಕೈ ಹಾಕಿ ನೋಡುವುದು ಒಳಿತು. ಒಳಪದರವಿಲ್ಲದ ಗಮ್‌ಬೂಟಿನಲ್ಲಿಯೂ ಇದೇ ತತ್ತ್ವ ಅನ್ವಯಿಸುತ್ತದೆ: ರಬ್ಬರು ಹೊರಗಿನ ನೀರನ್ನು ತಡೆಯುತ್ತದೆ, ಒಳಗಿನ ಬೆವರನ್ನೂ ತಡೆದಿಡುತ್ತದೆ. ಅಲ್ಲಿ ಒಣಗಿಸಬಹುದಾದ ಒಳಪದರವೆಂದರೆ ಕಾಲುಚೀಲ ಮಾತ್ರ. ಆದುದರಿಂದ ಹೆಚ್ಚುವರಿ ಉಣ್ಣೆಯ ಕಾಲುಚೀಲಗಳನ್ನು ಜೊತೆಯಲ್ಲಿ ಒಯ್ಯುವುದು ಅಗತ್ಯ.